ಬಾಯಿ ಹುಣ್ಣು ಅಂದ್ರೆ ಬರೀ ಉಷ್ಣ ಅಲ್ಲ

ಊರಿನ ಗ್ರೂಪಲ್ಲಿ ಯಾರಿಗೆ ಬಾಯಿ ಹುಣ್ಣಾದ್ರೂ ಉತ್ತರ ಒಂದೇ: "ಉಷ್ಣ ಆಗಿದೆ, ಮಜ್ಜಿಗೆ ಕುಡಿ." ಕುಡೀರಿ, ನನ್ನ ತಕರಾರಿಲ್ಲ, ಹುಳಿ ಇಲ್ಲದಿದ್ರೆ ಸಾಕು. ಆದರೆ ಎಲ್ಲಾ ಹುಣ್ಣನ್ನೂ ಉಷ್ಣದ ತಲೆಗೆ ಕಟ್ಟೋದು ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ.

ಸಾಮಾನ್ಯ ಹುಣ್ಣು ಬರೋದು ಕೆನ್ನೆ ಕಚ್ಚಿಕೊಂಡಾಗ, ಹಲ್ಲು ಚೂಪಾಗಿ ಉಜ್ಜಿದಾಗ, ಚಿಂತೆ ಹೆಚ್ಚಾದಾಗ, ಕಬ್ಬಿಣಾಂಶ ಅಥವಾ ಬಿ12 ಕಡಿಮೆಯಾದಾಗ. ಒಂದೆರಡು ವಾರದಲ್ಲಿ ತಾನೇ ಮಾಯುತ್ತೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ ಉಗುಳಿ. ಬ್ರಷ್ ಮೆತ್ತಗಿರಲಿ. ಖಾರ, ಹುಳಿ, ಸುಡುಸುಡು ಕಾಫಿ ಸ್ವಲ್ಪ ದಿನ ಬೇಡ. ಪದೇ ಪದೇ ಬರ್ತಿದ್ರೆ ಸುಮ್ಮನೆ ಬಿ ಕಾಂಪ್ಲೆಕ್ಸ್ ನುಂಗೋ ಬದಲು ರಕ್ತ ಪರೀಕ್ಷೆ ಮಾಡಿಸಿ.

ಇಲ್ಲಿ ಇಂಗ್ಲೆಂಡಲ್ಲಿ ನಾವು ರೋಗಿಗಳಿಗೆ ಹೇಳೋ ಲೆಕ್ಕ ಮೂರು ವಾರ. ಅಷ್ಟರಲ್ಲಿ ಮಾಯದಿದ್ರೆ ತೋರಿಸಲೇಬೇಕು. ನೋವಿಲ್ಲದ ಹುಣ್ಣು ಅಂತ ಸಮಾಧಾನ ಬೇಡ, ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯೋದೇ ಇಲ್ಲ.

ಇನ್ನೊಂದು ಮಾತು ನಮ್ಮವರಿಗೆ ಕಹಿ. ಅಡಿಕೆ ದುಡ್ಡಲ್ಲೇ ಓದಿ ನರ್ಸ್ ಆದವಳು ನಾನು. ಆದರೂ ಹೇಳ್ತೀನಿ: "ತಂಬಾಕಿಲ್ಲ, ಬರೀ ಅಡಿಕೆ" ಅನ್ನೋದು ರಕ್ಷಣೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕವಳ ಹಾಕೋರಿಗೆ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ಪೂರ್ತಿ ತೆರೆಯೋಕೆ ಆಗದಿದ್ರೆ, ಮೂರು ವಾರವೂ ಕಾಯಬೇಡಿ.

ಹುಣ್ಣಾದ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ. 21 ದಿನ ದಾಟಿದ್ರೆ ಗ್ರೂಪಲ್ಲಿ ಕೇಳಬೇಡಿ, ನನ್ನನ್ನೂ ಕೇಳಬೇಡಿ. ಸೀದಾ ಹಲ್ಲಿನ ಡಾಕ್ಟರ ಹತ್ರ ಹೋಗಿ.