ಗುಜರಿ ಅಂಗಡಿಗಳಿಗೆ ಮರೆ: ಜೀವನ್ ಬಿಮಾ ನಗರದ ಅರ್ಜಿದಾರರು ಹಾಗೂ ನಿವಾಸಿಗಳು ತಿಳಿದಿರಬೇಕಾದ ವಿಷಯಗಳು

ಬೆಂಗಳೂರು ನಗರದ ಪೂರ್ವ ಭಾಗದಲ್ಲಿರುವ ಜೀವನ್ ಬಿಮಾ ನಗರವು ಜೀವ ವಿಮಾ ನಿಗಮದ ವಸತಿ ಕಾಲೊನಿಯ ಹೆಸರಿನೊಂದಿಗೆ ಬೆಳೆದ ಬಡಾವಣೆಯಾಗಿದ್ದು, ತಿಪ್ಪಸಂದ್ರ, ಕೋಡಿಹಳ್ಳಿ, ಇಂದಿರಾನಗರ ಹಾಗೂ ಹೆಚ್.ಎ.ಎಲ್. ಪ್ರದೇಶಗಳಿಗೆ ಹೊಂದಿಕೊಂಡಿರುತ್ತದೆ. ನಗರದ ಇಂತಹ ಬಡಾವಣೆಗಳಲ್ಲಿ ಮನೆಗಳ ಸಾಲಿನಲ್ಲಿಯೇ ಹಳೆಯ ಕಾಗದ, ಕಬ್ಬಿಣ, ಬಾಟಲಿ, ಪ್ಲಾಸ್ಟಿಕ್ ಕೊಳ್ಳುವ ಗುಜರಿ ಅಂಗಡಿಗಳು ಹಾಗೂ ವಾಹನಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಸ್ಥಳಗಳು ಇರುವುದು ಸಾಮಾನ್ಯ. ಇವು ರಸ್ತೆಗೆ ಕಾಣದಂತೆ ಮರೆ ಕಟ್ಟಿಸಬೇಕೆಂಬುದು ನಿವಾಸಿಗಳ ಬೇಡಿಕೆಯಾದರೆ, ಎಷ್ಟು ಎತ್ತರದ ತಗಡು ಹಾಕಿಸಿದರೆ ಪರವಾನಗಿ ದೊರೆಯುತ್ತದೆ ಎಂಬುದು ಅಂಗಡಿದಾರರ ಪ್ರಶ್ನೆಯಾಗಿರುತ್ತದೆ. ಮರೆಯೊಂದು ನಿಂತರೆ ಕಾನೂನಿನ ಪಾಲನೆ ಮುಗಿಯಿತು ಎಂಬ ತಪ್ಪು ತಿಳಿವಳಿಕೆ ಈ ಎರಡರ ಹಿಂದೆಯೂ ಇರುವುದರಿಂದ, ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಸೂಕ್ತವಾಗಿದೆ.

ಮೊದಲನೆಯದಾಗಿ, ಅರ್ಜಿಯನ್ನು ಯಾವ ಸಂಸ್ಥೆಗೆ ಸಲ್ಲಿಸಬೇಕು ಎಂಬುದರಲ್ಲಿಯೇ ಇತ್ತೀಚೆಗೆ ಬದಲಾವಣೆಯಾಗಿರುತ್ತದೆ. ಬಹುಕಾಲ ಈ ವಿಷಯವು ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಅಧಿನಿಯಮ, 1976ರ 353ನೇ ಪ್ರಕರಣ ಮತ್ತು ಹತ್ತನೇ ಅನುಸೂಚಿಯ ವ್ಯಾಪ್ತಿಯಲ್ಲಿತ್ತು. 2021ರ ಜನವರಿಯಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಧಿನಿಯಮ, 2020 ಜಾರಿಯಲ್ಲಿದ್ದು, ಅದರ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ದಿನಾಂಕ 15-05-2025ರಿಂದ ಜಾರಿಗೆ ಬಂದಿದೆ. ಸದರಿ ಅಧಿನಿಯಮದ ಮೇರೆಗೆ 2025ರ ಸೆಪ್ಟೆಂಬರ್ ತಿಂಗಳಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿದ್ದು, ಜೀವನ್ ಬಿಮಾ ನಗರವನ್ನು ಒಳಗೊಂಡ ಸಿ.ವಿ. ರಾಮನ್ ನಗರ ವಿಧಾನಸಭಾ ಕ್ಷೇತ್ರವು ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರಿದೆ. ನೆರೆಯ ಕೆ.ಆರ್. ಪುರ ಕ್ಷೇತ್ರವು ಪೂರ್ವ ನಗರ ಪಾಲಿಕೆಯಲ್ಲಿದೆ. ಬಡಾವಣೆ ನಗರದ ಪೂರ್ವಕ್ಕಿದೆ ಎಂಬ ಕಾರಣಕ್ಕೆ ಅರ್ಜಿಯನ್ನು ಪೂರ್ವ ಪಾಲಿಕೆಗೆ ಕೊಂಡೊಯ್ಯುವುದು ಸಹಜವಾದ ತಪ್ಪಾದರೂ ಅದರಿಂದ ದಿನಗಳು ವ್ಯರ್ಥವಾಗುತ್ತವೆ.

ಗುಜರಿಯನ್ನು ಕಣ್ಣಿನಿಂದ ಮರೆಮಾಡುವುದನ್ನೇ ಉದ್ದೇಶವಾಗಿಟ್ಟುಕೊಂಡ ಕಾನೂನಿಗೆ ಪ್ರಸಿದ್ಧ ಉದಾಹರಣೆ ಅಮೆರಿಕದ ಹೆದ್ದಾರಿ ಸೌಂದರ್ಯೀಕರಣ ಕಾಯ್ದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1965ರ ಅಕ್ಟೋಬರ್ 22ರಂದು ಸಹಿ ಹಾಕಿದ ಈ ಕಾಯ್ದೆಯು ಮುಖ್ಯ ಹೆದ್ದಾರಿಗಳ ಅಂಚಿನಿಂದ 1000 ಅಡಿಗಳೊಳಗೆ ರಸ್ತೆಗೆ ಕಾಣುವ ಗುಜರಿ ಸ್ಥಳಗಳನ್ನು ಗಿಡಮರ, ಬೇಲಿ ಅಥವಾ ಇತರ ಸೂಕ್ತ ಸಾಧನದಿಂದ ಮರೆಮಾಡಬೇಕು, ಇಲ್ಲವೇ ತೆರವುಗೊಳಿಸಬೇಕು ಎಂದು ವಿಧಿಸಿತು. ಪಾಲಿಸದ ರಾಜ್ಯಕ್ಕೆ ಕೇಂದ್ರದ ಹೆದ್ದಾರಿ ಅನುದಾನದಲ್ಲಿ ಶೇ. 10ರಷ್ಟು ಕಡಿತದ ಎಚ್ಚರಿಕೆಯೂ ಇತ್ತು. ಕೈಗಾರಿಕಾ ಪ್ರದೇಶದ ಗುಜರಿ ಸ್ಥಳಗಳಿಗೆ ವಿನಾಯಿತಿ ನೀಡಲಾಗಿತ್ತು. ಅಲ್ಲಿ ಪ್ರಶ್ನೆ ಇದ್ದದ್ದು ಕಾರಿನಲ್ಲಿ ವೇಗವಾಗಿ ಸಾಗುವವರ ನೋಟದ ಬಗ್ಗೆ. ಮೂವತ್ತು ಅಡಿ ರಸ್ತೆಯ ಎದುರು ಮನೆಯವರಿಗೆ ನೋಟಕ್ಕಿಂತ ಹೆಚ್ಚಿನ ತೊಂದರೆಗಳಿರುತ್ತವೆ: ಪಾದಚಾರಿ ಮಾರ್ಗದ ಮೇಲೆ ಚೀಲಗಳು, ಕಬ್ಬಿಣ ಕತ್ತರಿಸುವ ಸದ್ದು, ವೈರು ಸುಡುವ ಹೊಗೆ, ಮಳೆಗಾಲದಲ್ಲಿ ಸೊಳ್ಳೆ.

ಈ ಕಾರಣದಿಂದಲೇ ಇಲ್ಲಿಯ ಪೌರ ಕಾನೂನು ನೋಟದಿಂದ ಆರಂಭವಾಗದೆ ಪರವಾನಗಿಯಿಂದ ಆರಂಭವಾಗುತ್ತದೆ. ಅಪಾಯಕಾರಿ ಅಥವಾ ಉಪದ್ರವಕಾರಿ ಎನಿಸಬಹುದಾದ ಉದ್ದಿಮೆಯನ್ನು ಪರವಾನಗಿ ಇಲ್ಲದೆ ಯಾವುದೇ ಸ್ಥಳದಲ್ಲಿ ನಡೆಸುವಂತಿಲ್ಲ. ಪರವಾನಗಿಗೆ ಷರತ್ತು ವಿಧಿಸುವ ಅಧಿಕಾರ ಪಾಲಿಕೆಗೆ ಇದೆ. ಗೋಡೆ, ಬೇಲಿ, ತಗಡಿನ ಮರೆ ಮುಂತಾದವು ಇಂತಹ ಷರತ್ತುಗಳ ರೂಪದಲ್ಲಿ ಬರಬಹುದೇ ಹೊರತು ಪರವಾನಗಿಗೆ ಬದಲಿಯಾಗಿ ಅಲ್ಲ. ಜೊತೆಗೆ, 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾ ಯೋಜನೆ 2015ರ ವಲಯ ನಿಯಮಾವಳಿಗಳಲ್ಲಿ, ವಸತಿ ವಲಯದ ನಿವೇಶನದಲ್ಲಿ ಯಾವ ವ್ಯಾಪಾರಕ್ಕೆ ಅವಕಾಶವಿದೆ ಎಂಬುದು ರಸ್ತೆಯ ಅಗಲ ಮತ್ತು ಬಳಕೆಯ ಸ್ವರೂಪದ ಮೇಲೆ ನಿರ್ಧಾರವಾಗುತ್ತದೆ. ಅವಕಾಶವಿಲ್ಲದ ನಿವೇಶನದಲ್ಲಿ ಹತ್ತು ಅಡಿ ಎತ್ತರದ ಅಚ್ಚುಕಟ್ಟಾದ ಗೋಡೆ ಕಟ್ಟಿಸಿದರೂ ಉದ್ದಿಮೆಗೆ ಮಾನ್ಯತೆ ಬರುವುದಿಲ್ಲ. ಹಣ ಖರ್ಚು ಮಾಡುವ ಮುನ್ನ ವಲಯವನ್ನು ವಿಚಾರಿಸಿಕೊಳ್ಳುವುದು ಅರ್ಜಿದಾರರ ಹಿತಕ್ಕೇ ಒಳ್ಳೆಯದು.

ಮರೆಯಿಂದಲೇ ಹೆಚ್ಚುವ ಅಪಾಯವೂ ಉಂಟು ಎಂಬುದನ್ನು ಇಲ್ಲಿ ಗಮನಿಸಬೇಕಾಗಿದೆ. ರಸ್ತೆಗೆ ಕಾಣುವ ಹಳೆಯ ಟೈರಿನಲ್ಲಿ ನಿಂತ ನೀರನ್ನು ದಾರಿಹೋಕರಾದರೂ ಗುರುತಿಸುತ್ತಾರೆ. ತಗಡಿನ ಹಿಂದಿರುವ ನೂರು ಟೈರುಗಳನ್ನು ಯಾರೂ ಕಾಣುವುದಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಟೈರು, ಡಬ್ಬಿ, ಬ್ಯಾರೆಲ್ಲುಗಳಲ್ಲಿನ ಸ್ವಲ್ಪ ಸ್ವಚ್ಛ ನೀರೇ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಸ್ಥಳಗಳಿಗೆ ದಂಡ ನಿಗದಿಪಡಿಸಿತು. ನಗರ ಪ್ರದೇಶದಲ್ಲಿ ಮನೆಗಳಿಗೆ ರೂ. 400, ವಾಣಿಜ್ಯ ಸ್ಥಳಗಳಿಗೆ ರೂ. 1000 ಎಂದು ಆಗ ಗೊತ್ತುಪಡಿಸಲಾಯಿತು. ಗುಜರಿ ಅಂಗಡಿಗೆ ಮರೆಗಿಂತ ಮೊದಲು ಬೇಕಾದದ್ದು ಮೇಲ್ಛಾವಣಿ. ಎದುರು ಮನೆಯವರ ಆರೋಗ್ಯವಷ್ಟೇ ಅಲ್ಲ, ದಿನವಿಡೀ ಆ ರಾಶಿಯ ನಡುವೆ ಕುಳಿತು ವಿಂಗಡಿಸುವ ಕೆಲಸಗಾರರ ಆರೋಗ್ಯವೂ ಅದನ್ನೇ ಅವಲಂಬಿಸಿದೆ. ಬೆಂಕಿಯ ವಿಷಯವೂ ಹೀಗೆಯೇ: ಒಂದೇ ಬಾಗಿಲಿನ, ಸುತ್ತ ಮುಚ್ಚಿದ ಕಾಗದದ ಗೋದಾಮಿನೊಳಗೆ ರಾತ್ರಿ ಮಲಗುವವರಿದ್ದರೆ ಮರೆಯೇ ಅಪಾಯಕ್ಕೆ ಕಾರಣವಾಗಬಹುದು. ಪಾದಚಾರಿ ಮಾರ್ಗದ ಮೇಲೆ ಕಂಬ ನೆಟ್ಟು ನೀಲಿ ಟಾರ್ಪಾಲಿನ್ ಕಟ್ಟಿದರೆ ಆ ಮರೆಯೇ ಒತ್ತುವರಿಯಾಗುತ್ತದೆ. ಸಾರ್ವಜನಿಕ ಮಾರ್ಗಕ್ಕೆ ಅಡ್ಡಿಪಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆ, 2023ರ 285ನೇ ಪ್ರಕರಣದಲ್ಲಿ ರೂ. 5000ದವರೆಗೆ ದಂಡ ವಿಧಿಸಲು ಅವಕಾಶವಿದೆ. ಹಿಂದಿನ ದಂಡ ಸಂಹಿತೆಯಲ್ಲಿ ಇದು ಕೇವಲ ರೂ. 200 ಆಗಿತ್ತು.

ವಾಹನಗಳನ್ನು ಬಿಚ್ಚುವ ಉದ್ದಿಮೆಯ ವಿಷಯ ಬೇರೆಯೇ ಆಗಿದೆ. ಮೋಟಾರು ವಾಹನಗಳ ಗುಜರಿ ಘಟಕಗಳ ನೋಂದಣಿ ಹಾಗೂ ಕಾರ್ಯನಿರ್ವಹಣೆ ಕುರಿತ 2021ರ ಕೇಂದ್ರ ನಿಯಮಗಳ ಮೇರೆಗೆ, ಆಯುಷ್ಯ ಮುಗಿದ ವಾಹನವನ್ನು ನೋಂದಾಯಿತ ಘಟಕದಲ್ಲಿ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯುವ ಕ್ರಮ ಜಾರಿಯಲ್ಲಿದೆ. ವಾಹನ ಕಳವಿನದಲ್ಲವೆಂದು ಘಟಕವು ದಾಖಲೆಗಳಲ್ಲಿ ಪರಿಶೀಲಿಸಬೇಕು. ಎಣ್ಣೆ, ಬ್ಯಾಟರಿ, ಅನಿಲ ಮುಂತಾದವನ್ನು ಸುರಕ್ಷಿತವಾಗಿ ತೆಗೆಯಬೇಕು. 2025ರ ಏಪ್ರಿಲ್ 1ರಿಂದ ಆಯುಷ್ಯ ಮುಗಿದ ವಾಹನಗಳ ಕುರಿತ ಪರಿಸರ ಸಂರಕ್ಷಣಾ ನಿಯಮಗಳೂ ಜಾರಿಗೆ ಬಂದಿವೆ. ಬೀದಿ ಬದಿಯ ಗುಜರಿಯವರಿಗೆ ಹಳೆಯ ಸ್ಕೂಟರನ್ನು ತೂಕಕ್ಕೆ ಮಾರಿದ ಮಾಲೀಕರ ಹೆಸರು ನೋಂದಣಿ ಪುಸ್ತಕದಲ್ಲಿ ಹಾಗೆಯೇ ಉಳಿಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ವಾಹನವು ನಾಶವಾದಲ್ಲಿ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದಲ್ಲಿ 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡುವುದು ಮೋಟಾರು ವಾಹನಗಳ ಅಧಿನಿಯಮ, 1988ರ 55ನೇ ಪ್ರಕರಣದಂತೆ ಮಾಲೀಕರ ಕರ್ತವ್ಯ. ಠೇವಣಿ ಪ್ರಮಾಣಪತ್ರ ಹಾಜರುಪಡಿಸಿ ಹೊಸ ಖಾಸಗಿ ವಾಹನ ನೋಂದಾಯಿಸುವವರಿಗೆ ತೆರಿಗೆಯಲ್ಲಿ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ.

ಇನ್ನು ಮರೆ ಕಟ್ಟಿಸುವಂತೆ ಖಾಸಗಿಯವರನ್ನು ಕೇಳುವ ಮುನ್ನ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಗರದಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳುವ ತುಕ್ಕಿನ ರಾಶಿಗಳಲ್ಲಿ ಕೆಲವು ಗುಜರಿಯವರದ್ದಲ್ಲ. ಪೊಲೀಸ್ ಠಾಣೆಗಳ ಮುಂದೆ ನಿಂತಿರುವ ಜಪ್ತಿ ವಾಹನಗಳದ್ದು. ಇಂತಹ ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಇರಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲಿಯೇ ಹೇಳಿದೆ. ವಾಹನವನ್ನು ಬಿಡಿಸಿಕೊಳ್ಳಲು ಮಾಲೀಕರು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 497 ಅಥವಾ 503ನೇ ಪ್ರಕರಣದ ಮೇರೆಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಸರ್ಕಾರಿ ವಾಹನಗಳ ಬಗ್ಗೆ, 15 ವರ್ಷ ಮೀರಿದವುಗಳ ನೋಂದಣಿ ನವೀಕರಿಸದಿರುವ ಕ್ರಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಸ್ತೆ ಬದಿಯಲ್ಲಿ 10 ಗಂಟೆಗಳಿಗೂ ಹೆಚ್ಚು ಕಾಲ ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು ಮೋಟಾರು ವಾಹನಗಳ ಅಧಿನಿಯಮದ 127ನೇ ಪ್ರಕರಣದಂತೆ ಎಳೆದೊಯ್ಯಬಹುದಾದ್ದರಿಂದ, ಇದಕ್ಕಾಗಿ ಸಂಚಾರ ಪೊಲೀಸರಿಗೆ ದೂರು ನೀಡಬೇಕೇ ಹೊರತು ಸಮೀಪದ ಗುಜರಿ ಅಂಗಡಿಯ ಮೇಲೆ ಪಾಲಿಕೆಗೆ ದೂರು ನೀಡುವುದು ಸರಿಯಲ್ಲ.

ಗುಜರಿ ಅಂಗಡಿಯನ್ನು ಬಡಾವಣೆಯಿಂದಲೇ ಹೊರಗೆ ಹಾಕಬೇಕೆಂಬ ಅಭಿಪ್ರಾಯವೂ ಕೇಳಿಬರುತ್ತದೆ. ಆದರೆ ಮನೆಯ ಒಣ ತ್ಯಾಜ್ಯದಲ್ಲಿ ಬೆಲೆ ಸಿಗುವ ಭಾಗವನ್ನು ಕೊಳ್ಳುವವರು ಇವರೇ. ಚಿಂದಿ ಆಯುವವರ ದಿನದ ಸಂಪಾದನೆ ಸಂಜೆ ತೂಕವಾಗುವುದೂ ಇವರ ತಕ್ಕಡಿಯಲ್ಲಿಯೇ. ಅಂಗಡಿ ದೂರವಾದರೆ ತಳ್ಳುಗಾಡಿಯವರು ದೂರ ನಡೆಯಬೇಕು, ಇಲ್ಲವೇ ಮಾಲು ಖಾಲಿ ನಿವೇಶನ ಸೇರುತ್ತದೆ. ಆದುದರಿಂದ ಸ್ಥಳಾಂತರಕ್ಕಿಂತ ಷರತ್ತುಬದ್ಧ ಪರವಾನಗಿಯೇ ಎರಡೂ ಕಡೆಯವರಿಗೆ ಅನುಕೂಲಕರವೆಂದು ತೋರುತ್ತದೆ.

ಅರ್ಜಿದಾರರು ಉದ್ದಿಮೆ ಪರವಾನಗಿಗಾಗಿ ಅರ್ಜಿ ಸಲ್ಲಿಸುವಾಗ ಸ್ಥಳದ ಹಕ್ಕು ಅಥವಾ ಬಾಡಿಗೆ ಕರಾರಿನ ದಾಖಲೆಯೊಂದಿಗೆ, ಏನನ್ನು ಕೊಳ್ಳಲಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಕಾಗದ ಎಂದು ಬರೆದು ಬ್ಯಾಟರಿ ಅಥವಾ ಹಳೆಯ ಕಂಪ್ಯೂಟರ್ ಸಂಗ್ರಹಿಸುವಂತಿಲ್ಲ. ಅವುಗಳಿಗೆ ಬ್ಯಾಟರಿ ತ್ಯಾಜ್ಯ ಹಾಗೂ ಇ-ತ್ಯಾಜ್ಯ ಕುರಿತ 2022ರ ನಿಯಮಗಳು ಅನ್ವಯಿಸುತ್ತವೆ. ಸಕಾಲ ವ್ಯಾಪ್ತಿಯ ಅರ್ಜಿಗಳಿಗೆ ದೊರೆಯುವ 15 ಅಂಕಿಗಳ ಸಂಖ್ಯೆಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ತೊಂದರೆಗೊಳಗಾದ ನಿವಾಸಿಗಳು ದೂರಿನಲ್ಲಿ ಅಂಗಡಿ ಅಸಹ್ಯವಾಗಿ ಕಾಣುತ್ತದೆ ಎಂದಷ್ಟೇ ಬರೆಯದೆ, ಒತ್ತುವರಿಯಾದ ಜಾಗ, ಹೊಗೆ ಏಳುವ ಸಮಯ, ನೀರು ನಿಂತ ಸ್ಥಳ ಇವುಗಳನ್ನು ದಿನಾಂಕ ಸಹಿತ ಬರೆದಲ್ಲಿ ಸ್ಥಳ ಪರಿಶೀಲನೆಗೆ ಬರುವ ಅಧಿಕಾರಿಗೆ ಕ್ರಮ ಜರುಗಿಸಲು ಆಧಾರ ದೊರೆಯುತ್ತದೆ. ಪಾಲಿಕೆಯಿಂದ ಪರಿಹಾರ ದೊರೆಯದ ಸಾರ್ವಜನಿಕ ಉಪದ್ರವದ ಪ್ರಕರಣಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣದ ಮೇರೆಗೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದಾಗಿದೆ.