ಭಾನುವಾರದ ನಂಬಿಕೆ, ಸೋಮವಾರದ ನಡತೆ
ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನು ನಮ್ಮ ನುಡಿಗೆ ತರಲು ವರ್ಷಗಟ್ಟಲೆ ದುಡಿದರು. ಈ ಸೀಮೆಯ ಕ್ರೈಸ್ತರಿಗೆ ಯೇಸುವಿನ ಮಾತು ಮನೆಮಾತಿನಲ್ಲೇ ಸಿಕ್ಕಿತು. ಸಿಕ್ಕ ಮಾತು ಬದುಕಿಗೆ ಇಳಿಯಬೇಕು. ಭಾನುವಾರದ ಪ್ರಾರ್ಥನೆಗೆ ಪರೀಕ್ಷೆ ಸೋಮವಾರ: ಕಂಪ್ಲಿಯ ಭತ್ತದ ವ್ಯಾಪಾರಿಗೆ ತೂಕದಲ್ಲಿ, ಸಂಡೂರಿನ ಗಣಿ ಗುತ್ತಿಗೆದಾರನಿಗೆ ಕೂಲಿ ಬಟವಾಡೆಯಲ್ಲಿ, ಹಂಪಿಯ ಆಟೋ ಚಾಲಕನಿಗೆ ದಾರಿ ಗೊತ್ತಿಲ್ಲದ ಪ್ರವಾಸಿಯಿಂದ ಕೇಳುವ ಬಾಡಿಗೆಯಲ್ಲಿ. ಯೇಸು ಹೇಳಿದ ಸಾಮತಿಯಲ್ಲಿ ಗಾಯಾಳುವನ್ನು ಎತ್ತಿಕೊಂಡವನು ಯಾಜಕನಲ್ಲ, ಪರಕೀಯನಾದ ಸಮಾರ್ಯದವನು. ಅದಿರು ಲಾರಿಗಳು ಓಡಾಡುವ ಹೊಸಪೇಟೆ ರಸ್ತೆಯಲ್ಲಿ ಬೈಕಿನಿಂದ ಬಿದ್ದವನನ್ನು ಕಂಡಾಗ ಗಾಡಿ ನಿಲ್ಲಿಸಿ, ಅವನ ಜಾತಿ ಧರ್ಮ ಕೇಳದೆ ಆಸ್ಪತ್ರೆಗೆ ಸೇರಿಸುವವನೇ ಆ ಕಥೆಯನ್ನು ಸರಿಯಾಗಿ ಓದಿದವನು.