ಬರೆದವನೇ ಕೂಲಿ ಕೊಡಬೇಕೆ?

ಗಿರಣಿಯಲ್ಲಿ ಎಂಟು ಗಂಟೆ ದುಡಿದು ಹೊರಬರುವ ಕೆಲಸಗಾರನನ್ನು ಗೇಟಿನಲ್ಲಿ ತಡೆದು, “ನಿನಗೆ ದುಡಿಯಲು ಯಂತ್ರ ಕೊಟ್ಟಿದ್ದೇವೆ, ಅದರ ಬಾಡಿಗೆ ಇಟ್ಟು ಹೋಗು” ಎಂದು ಮಾಲೀಕ ಕೇಳಿದರೆ ಏನಾದೀತು? ಅಂದೇ ಗಿರಣಿ ನಿಂತೀತು. ಆದರೆ ಪುಸ್ತಕದ ಲೋಕದಲ್ಲಿ ಇಂಥ ವ್ಯವಹಾರ ಹಾಡಹಗಲೇ ನಡೆದಿದೆ. ಬರೆದವನೇ ಹಣ ತೆರಬೇಕು. ತೆತ್ತ ಮೇಲೆ ತಾನು ಲೇಖಕನಾದೆನೆಂದು ಸಂತೋಷಪಡಬೇಕು. ಇದಕ್ಕೆ ‘ಸ್ವಯಂ ಪ್ರಕಾಶನ’ ಎಂಬ ಚೆಂದದ ಹೆಸರು.

ಗಿರಣಿ ಕೆಲಸಗಾರರಿಗೂ ಅಂಗಡಿಕಾರರಿಗೂ ಈ ವಿಷಯವೇಕೆ ಎಂದು ಕೆಲವರು ಕೇಳಿಯಾರು. ಈ ಬಲೆಗೆ ಬೀಳುತ್ತಿರುವವರು ದೊಡ್ಡ ದೊಡ್ಡ ಪ್ರೊಫೆಸರುಗಳಲ್ಲ, ಪ್ರಕಾಶಕರ ಬಾಗಿಲು ಗೊತ್ತಿಲ್ಲದ ನಮ್ಮ ನಿಮ್ಮಂಥವರು ಎಂಬುದೇ ಅದಕ್ಕೆ ಉತ್ತರ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನೂಲುವ ಖಾತೆಯಲ್ಲಿ 31 ವರ್ಷ ದುಡಿದು ನಿವೃತ್ತರಾದವರು. ಹೆಸರು ಬೇಡವೆಂದು ಅವರೇ ಹೇಳಿದ್ದಾರೆ. ಗಿರಣಿಯ ದಿನಗಳನ್ನು ಅವರು ನಾಲ್ಕು ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಮೂರು ಪಾಳಿಯ ಬದುಕು, ಬೀಗಮುದ್ರೆಯ ತಿಂಗಳುಗಳು, ಗೇಟಿನ ಸಭೆಗಳು, ಎದೆಯಲ್ಲಿ ಹತ್ತಿಯ ಧೂಳು ಕುಳಿತು ಕೆಮ್ಮಿ ಸತ್ತ ಜೊತೆಗಾರರು, ಎಲ್ಲವೂ ಅದರಲ್ಲಿವೆ. ಕಾಗುಣಿತ ತಿದ್ದಿಕೊಟ್ಟವರು ನಾವೇ. “ಇದು ಅಚ್ಚಾಗಲೇಬೇಕು” ಎಂದು ಹುರಿದುಂಬಿಸಿದವರೂ ನಾವೇ. ಎಲ್ಲಿ ಅಚ್ಚಾಗಬೇಕು, ಹೇಗೆ ಎಂಬುದನ್ನು ಮಾತ್ರ ನಾವು ಹೇಳಲಿಲ್ಲ. ಆ ತಪ್ಪು ನಮ್ಮದು. ಈ ಲೇಖನಕ್ಕೆ ಅದೇ ಕಾರಣ.

ಅವರು ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿ ಆ ಕಂಪನಿಗೆ ತಮ್ಮ ಬರಹ ಕಳಿಸಿದರು. ಎರಡೇ ದಿನಕ್ಕೆ, “ನಿಮ್ಮ ಕೃತಿ ಆಯ್ಕೆಯಾಗಿದೆ, ಅಭಿನಂದನೆಗಳು” ಎಂದು ಫೋನು ಬಂದಿತು. ನಾಲ್ಕು ನೋಟುಬುಕ್ಕುಗಳನ್ನು ಎರಡು ದಿನದಲ್ಲಿ ಓದಿ ಮುಗಿಸಿದ ಆ ಮಹಾನುಭಾವರು ಯಾರೋ ನಾವರಿಯೆವು. ಮುಂದೆ ಮೂರು ಬಗೆಯ ‘ಪ್ಯಾಕೇಜು’ಗಳ ಪಟ್ಟಿ ಬಂದಿತು. ಅವರು ನಡುವಿನದನ್ನು ಆರಿಸಿ 40,000 ರೂಪಾಯಿ ಕಟ್ಟಿದರು. ಅದು ಗ್ರಾಚ್ಯುಯಿಟಿಯಲ್ಲಿ ಉಳಿದಿದ್ದ ಹಣ. ಮನೆಯ ಛಾವಣಿ ರಿಪೇರಿಗೆಂದು ಅವರ ಪತ್ನಿ ಎತ್ತಿಟ್ಟಿದ್ದ ಹಣ.

ಪುಸ್ತಕ ಬಂದಿತು. ನೋಡಲು ಚೆನ್ನಾಗಿಯೇ ಇದೆ. ಬೆಲೆ 200 ರೂಪಾಯಿ. 30 ಪ್ರತಿ ಪುಕ್ಕಟೆ. ಹೆಚ್ಚಿಗೆ ಬೇಕಾದರೆ ತನ್ನ ಪುಸ್ತಕವನ್ನೇ ಪ್ರತಿಗೆ 120 ರೂಪಾಯಿ ಕೊಟ್ಟು ಕೊಳ್ಳಬೇಕು. ‘ಲಾಭದ ನೂರಕ್ಕೆ ನೂರು ಲೇಖಕರಿಗೆ’ ಎಂಬುದು ಜಾಹೀರಾತಿನ ಮಾತು. ಅಂಗಡಿ ಇಟ್ಟಿರುವ ಮಿತ್ರರು ಈ ಲೆಕ್ಕವನ್ನು ತಾವೇ ಪರೀಕ್ಷಿಸಲಿ. 200 ರೂಪಾಯಿಯಲ್ಲಿ ಅಚ್ಚಿನ ಖರ್ಚೆಂದು 80, ಮಾರುವವರ ಕಮಿಷನ್ನು ಎಂದು 90 ಕಳೆದರೆ ಉಳಿಯುವ ‘ಲಾಭ’ 30 ರೂಪಾಯಿ. ಕಟ್ಟಿದ 40,000 ಹಿಂದಿರುಗಬೇಕಾದರೆ 1,334 ಪ್ರತಿ ಮಾರಾಟವಾಗಬೇಕು. 14 ತಿಂಗಳಲ್ಲಿ ಮಾರಾಟವಾದದ್ದು 19. ಅದರಲ್ಲಿ 11 ನಮ್ಮ ಸಂಘದವರೇ ಕೊಂಡದ್ದು. ಲೇಖಕರಿಗೆ ಬರಬೇಕಾದ್ದು 570 ರೂಪಾಯಿ; 1,000 ರೂಪಾಯಿ ತುಂಬುವವರೆಗೆ ಹಣ ಕಳಿಸುವ ಪದ್ಧತಿಯಿಲ್ಲವಂತೆ. ನಡುವೆ ಎರಡು ಬಾರಿ ಫೋನು ಬಂದದ್ದು ಮಾತ್ರ ಹೆಚ್ಚಿನ ಪ್ರಚಾರಕ್ಕಾಗಿ ಇನ್ನೊಂದು 15,000 ಕಟ್ಟಿರೆಂದು!

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ನಮ್ಮ ಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರು ತಮ್ಮ ತಂದೆ ಕಟ್ಟಿ ಹಾಡುತ್ತಿದ್ದ ತತ್ವಪದಗಳನ್ನು ಇಂಥದೇ ಇನ್ನೊಂದು ಕಂಪನಿಯಿಂದ ಅಚ್ಚು ಹಾಕಿಸಿದರು. 100 ಪ್ರತಿ ತರಿಸಿ ವರ್ಷಾಂತಿಕದ ದಿನ ನೆಂಟರಿಷ್ಟರಿಗೆ ಹಂಚಿದರು. ಅವರಿಗೆ ಪೂರ್ಣ ತೃಪ್ತಿ. ಹೇಳಿದ ದಿನಕ್ಕೆ ಪುಸ್ತಕ ಬಂದಿತು, ಕಾಗದ ಒಳ್ಳೆಯದು, ತಂದೆಯ ಹಾಡು ಉಳಿಯಿತು. ಇದನ್ನು ಮೋಸವೆಂದು ನಾವು ಹೇಗೆ ಕರೆಯೋಣ?

ಹಾಗಾದರೆ ಇಬ್ಬರ ಅನುಭವದಲ್ಲಿ ಇಷ್ಟು ಅಂತರವೇಕೆ? ವ್ಯಾಪಾರಿಗಳು ಅಚ್ಚಿನ ಕೆಲಸ ಕೊಂಡರು, ಅಚ್ಚಿನ ಕೆಲಸವೇ ಅವರಿಗೆ ಸಿಕ್ಕಿತು. ಕಾರ್ಮಿಕರು ಕೊಂಡದ್ದು ಓದುಗರನ್ನು. ಅವರಿಗೂ ಸಿಕ್ಕಿದ್ದು ಅಚ್ಚಿನ ಕೆಲಸವೇ. ದೋಷವಿರುವುದು ಇಲ್ಲಿ. ಮುದ್ರಕನಿಗೆ ಹಣ ಕೊಡುವುದರಲ್ಲಿ ಯಾವ ಅವಮಾನವೂ ಇಲ್ಲ. ಆದರೆ ಮುದ್ರಕನು ಪ್ರಕಾಶಕನ ಪೇಟ ಸುತ್ತಿಕೊಂಡು ಬಂದು, ‘ಆಯ್ಕೆ’ ಎಂಬ ಮಾತಾಡಿ, ಪ್ರಕಾಶಕನ ಮರ್ಯಾದೆಯನ್ನೂ ಬೆಲೆಯನ್ನೂ ಕೇಳುವುದು ಮೋಸ.

ನಿಜವಾದ ಪ್ರಕಾಶಕ ತನ್ನ ಬಂಡವಾಳ ಹಾಕುತ್ತಾನೆ. ಪುಸ್ತಕ ಮಾರಾಟವಾಗದಿದ್ದರೆ ನಷ್ಟ ಅವನದು. ಆದ್ದರಿಂದ ಓದುಗನನ್ನು ಹುಡುಕುವುದು ಅವನಿಗೆ ಅನಿವಾರ್ಯ. ಈ ಕಂಪನಿಗೆ ಮೊದಲ ಪ್ರತಿ ಅಚ್ಚಾಗುವ ಮೊದಲೇ ಲಾಭ ಕೈಸೇರಿರುತ್ತದೆ. ಅದರ ಗಿರಾಕಿ ಓದುಗನಲ್ಲ, ಲೇಖಕ. ಒಂದು ಪುಸ್ತಕವನ್ನು ಸಾವಿರ ಮಂದಿಗೆ ಮಾರುವುದಕ್ಕಿಂತ ಸಾವಿರ ಲೇಖಕರಿಗೆ ಒಂದೊಂದು ಪ್ಯಾಕೇಜು ಮಾರುವುದು ಸುಲಭ. ಹಿಂದೆ ನೂರಾರು ಪ್ರತಿ ಅಚ್ಚು ಹಾಕಿ ಗೋದಾಮಿನಲ್ಲಿ ಇಡಬೇಕಾಗಿತ್ತು. ಈಗ ಬೇಡಿಕೆ ಬಂದಾಗ ಒಂದೇ ಪ್ರತಿಯನ್ನೂ ತೆಗೆಯುವ ಯಂತ್ರ ಬಂದಿದೆ. ಯಂತ್ರ ಒಳ್ಳೆಯದೇ. ಆದರೆ ಅದರಿಂದಾದ ಉಳಿತಾಯ ಯಾರ ಜೇಬಿಗೆ ಹೋಯಿತೆಂಬ ಪ್ರಶ್ನೆಯನ್ನು ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇದು ನಮ್ಮ ಊರಿನ ಕಥೆ ಮಾತ್ರವೂ ಅಲ್ಲ, ಹೊಸದೂ ಅಲ್ಲ. ಅಮೆರಿಕದಲ್ಲಿ ವಾಂಟೇಜ್ ಪ್ರೆಸ್ ಎಂಬ ಕಂಪನಿ 1949ರಿಂದ ಇದೇ ವ್ಯಾಪಾರ ನಡೆಸಿತು. ಪ್ರಚಾರ ಮಾಡುವೆವೆಂದು ನಂಬಿಸಿ ವಂಚಿಸಿದ್ದಕ್ಕಾಗಿ ಸುಮಾರು 2,200 ಲೇಖಕರಿಗೆ 35 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ನ್ಯೂಯಾರ್ಕಿನ ನ್ಯಾಯಾಲಯ 1990ರಲ್ಲಿ ಆಜ್ಞೆ ಮಾಡಿತು. ಆ ಕಂಪನಿ 2012ರಲ್ಲಿ ಮುಚ್ಚಿತು. ಆ ವ್ಯಾಪಾರ ಮುಚ್ಚಲಿಲ್ಲ. ಅದೇ 2012ರಲ್ಲಿ ಲೋಕಪ್ರಸಿದ್ಧ ಪೆಂಗ್ವಿನ್ ಸಂಸ್ಥೆಯ ಒಡೆಯರು ಆಥರ್ ಸೊಲ್ಯೂಷನ್ಸ್ ಎಂಬ ಇಂಥ ಕಂಪನಿಯನ್ನು 11 ಕೋಟಿ 60 ಲಕ್ಷ ಡಾಲರಿಗೆ ಕೊಂಡರು. ಮರುವರ್ಷವೇ ಅದರ ಶಾಖೆ ‘ಪಾರ್ಟ್ರಿಜ್’ ಎಂಬ ಹೆಸರಿನಿಂದ ಭಾರತಕ್ಕೂ ಬಂದಿತು. 2016ರ ಆರಂಭದ ಹೊತ್ತಿಗೆ ಅವರು ಆ ಕಂಪನಿಯನ್ನು ಮಾರಿ ಕೈತೊಳೆದುಕೊಂಡರು. ಬರಹಗಾರರ ಆಸೆಗೆ ಬಂಡವಾಳಗಾರರ ಪೇಟೆಯಲ್ಲಿ ಎಷ್ಟು ಬೆಲೆಯಿದೆಯೆಂಬುದು ಇದರಿಂದ ತಿಳಿಯುತ್ತದೆ.

ಇಂಗ್ಲೆಂಡಿನ ಲೇಖಕರು ಇದನ್ನು ಸಹಿಸಿ ಕೂರಲಿಲ್ಲ. ಅಲ್ಲಿನ ಲೇಖಕರ ಎರಡು ಸಂಘಗಳು ಸೇರಿ, ಹಣ ಕೊಟ್ಟು ಪುಸ್ತಕ ಹೊರಡಿಸಿದ 240 ಮಂದಿಯನ್ನು ವಿಚಾರಿಸಿ 2022ರಲ್ಲಿ ವರದಿ ಹೊರಡಿಸಿದವು. ಅವರಲ್ಲಿ ನೂರಕ್ಕೆ 94 ಮಂದಿಗೆ ನಷ್ಟ. ಸರಾಸರಿ ನಷ್ಟ 1,861 ಪೌಂಡು. ಒಬ್ಬೊಬ್ಬರಾಗಿ ಇದ್ದಾಗ ಪ್ರತಿಯೊಬ್ಬರೂ ತಮ್ಮ ಬರಹವೇ ಚೆನ್ನಾಗಿಲ್ಲವೇನೋ ಎಂದು ನಾಚಿ ಸುಮ್ಮನಿದ್ದರು. ಲೆಕ್ಕ ಒಟ್ಟುಗೂಡಿದಾಗ ದೋಷ ಬರಹದ್ದಲ್ಲ, ವ್ಯವಸ್ಥೆಯದು ಎಂದು ಹೊರಬಿದ್ದಿತು. ಸಂಘ ಎಂಬುದು ಬೇಕಾಗುವುದೇ ಇದಕ್ಕೆ.

ನಮ್ಮ ದೇಶದ ಕಾನೂನಿನಲ್ಲಿ ಬರೆಯುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಒಂದು: ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗುವ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಪ್ಯಾಕೇಜಿನ ದೊಡ್ಡ ಸೌಲಭ್ಯವೆಂದು ತೋರಿಸುತ್ತಾರೆ. ಭಾರತದಲ್ಲಿ ಆ ಸಂಖ್ಯೆ ಪುಕ್ಕಟೆ. ಕೇಂದ್ರ ಸರ್ಕಾರದ ರಾಜಾರಾಮಮೋಹನ ರಾಯ್ ಸಂಸ್ಥೆ ಅದನ್ನು ಕೊಡುತ್ತದೆ. ಲೇಖಕನೇ ಅರ್ಜಿ ಹಾಕಬಹುದು. ಎರಡು: ‘ಕಾಪಿರೈಟ್ ಮಾಡಿಸಿಕೊಡುತ್ತೇವೆ’ ಎಂದು ಹಣ ಕೇಳುತ್ತಾರೆ. 1957ರ ಕಾಯಿದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ಬರೆದವನದು, ನೋಂದಣಿ ಕಡ್ಡಾಯವಲ್ಲ. ಅವನ ಜೀವಮಾನವೂ ಅನಂತರದ 60 ವರ್ಷಗಳೂ ಆ ಹಕ್ಕು ಉಳಿಯುತ್ತದೆ. ಮೂರು: ಹಕ್ಕನ್ನು ಬೇರೆಯವರಿಗೆ ಬರೆದುಕೊಡುವುದಾದರೆ ಲಿಖಿತ ಪತ್ರ ಬೇಕು, ರುಜು ಬೇಕು. ಎಷ್ಟು ವರ್ಷಕ್ಕೆಂದು ಪತ್ರದಲ್ಲಿ ಕಾಣಿಸದಿದ್ದರೆ ಕಾನೂನು ಅದನ್ನು ಐದೇ ವರ್ಷವೆಂದು ಎಣಿಸುತ್ತದೆ. ಆದ್ದರಿಂದಲೇ ಕೆಲವು ಕರಾರುಗಳಲ್ಲಿ ಸಣ್ಣ ಅಕ್ಷರದಲ್ಲಿ ದೊಡ್ಡ ಅವಧಿ ಅಡಗಿರುತ್ತದೆ. ರುಜು ಹಾಕುವ ಮೊದಲು ಆ ಸಾಲನ್ನು ಹುಡುಕಿ ಓದಬೇಕು.

“ಯಾರೂ ಬಲವಂತ ಮಾಡಲಿಲ್ಲವಲ್ಲ, ತಾವಾಗಿ ಕಟ್ಟಿದ ಹಣ” ಎಂದು ಹೇಳುವವರಿದ್ದಾರೆ. ಸಾಹುಕಾರನ ಬಡ್ಡಿ ಸಾಲವನ್ನೂ ರೈತ ತಾನಾಗಿಯೇ ತರುತ್ತಾನೆ. ಬೇರೆ ಬಾಗಿಲು ತೆರೆದಿಲ್ಲದಾಗ ತೆರೆದಿರುವ ಒಂದೇ ಬಾಗಿಲಿಗೆ ಹೋಗುವುದನ್ನು ಸ್ವಇಚ್ಛೆಯೆಂದು ಕರೆಯುವುದು ಸರಿಯಲ್ಲ.

ಬೇರೆ ಬಾಗಿಲುಗಳನ್ನು ನಮ್ಮ ಹಿರಿಯರು ತೆರೆದು ತೋರಿಸಿದ್ದಾರೆ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟರು. ಅವರದೂ ಸ್ವಯಂ ಪ್ರಕಾಶನವೇ. ಆದರೆ ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇದ್ದಿತು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು ಬೆಳೆಯಿತು. ಅಲ್ಲಿ ಮುಂಗಡ ಬಂದದ್ದು ಓದುವವನಿಂದ, ಬರೆದವನಿಂದಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ನೆರೆಯ ಕೇರಳದ್ದು. 1945ರಲ್ಲಿ ಕೊಟ್ಟಾಯಂನಲ್ಲಿ 12 ಮಂದಿ ಲೇಖಕರು 120 ರೂಪಾಯಿ ಬಂಡವಾಳ ಕೂಡಿಸಿ ‘ಸಾಹಿತ್ಯ ಪ್ರವರ್ತಕ ಸಹಕಾರ ಸಂಘ’ವನ್ನು ಕಟ್ಟಿದರು. ತಕಳಿ ಶಿವಶಂಕರ ಪಿಳ್ಳೆಯವರ ಕಥೆಗಳು ಅವರ ಮೊದಲ ಪುಸ್ತಕ. ಲೇಖಕನಿಗೆ ನೂರಕ್ಕೆ 30ರಂತೆ ರಾಯಲ್ಟಿ ಕೊಟ್ಟ ಸಂಘವದು. ಅಲ್ಲಿ ಬರೆದವನು ಗಿರಾಕಿಯಲ್ಲ, ಪಾಲುದಾರ. ಹನ್ನೆರಡು ಮಂದಿ, ತಲೆಗೆ ಹತ್ತು ರೂಪಾಯಿಯ ಲೆಕ್ಕ! ನಮ್ಮ ಜಿಲ್ಲೆಯಲ್ಲಿ ಬರೆಯುವವರು ಹನ್ನೆರಡು ಮಂದಿ ಇಲ್ಲವೆ? ಒಬ್ಬರೇ ಕಟ್ಟಿದ 40,000 ರೂಪಾಯಿ ಒಂದು ಸಹಕಾರ ಸಂಘದ ಮೂಲಧನವಾಗಬಹುದಾಗಿತ್ತಲ್ಲವೆ?

ಸರ್ಕಾರದ ಹೊಣೆಯೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಮನೆ ಅಂಗಡಿಗಳ ತೆರಿಗೆಯೊಡನೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ವ್ಯಾಪಾರಿ ಮಿತ್ರರು ತಮ್ಮ ತೆರಿಗೆ ರಸೀತಿಯನ್ನು ತೆಗೆದು ನೋಡಲಿ. ವಸೂಲಾದ ಆ ಹಣವನ್ನು ಗ್ರಂಥಾಲಯಗಳಿಗೆ ಸಲ್ಲಿಸದೆ ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆ ಹಣ ಸರಿಯಾಗಿ ಸಂದು, ಅದರಿಂದ ಜಿಲ್ಲೆಯ ಬರಹಗಾರರ ಯೋಗ್ಯ ಪುಸ್ತಕಗಳನ್ನು ಕೊಂಡು, ಕೊಂಡದ್ದಕ್ಕೆ ಕಾಲಕ್ಕೆ ಸರಿಯಾಗಿ ಹಣ ಕೊಟ್ಟರೆ, ನಮ್ಮವರು ಜಾಹೀರಾತಿನ ಹಿಂದೆ ಹೋಗಬೇಕಾಗಿಲ್ಲ. ಕರ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ.

ನಮ್ಮ ಸಲಹೆ ಇಷ್ಟು. ಹಣ ಕೊಟ್ಟು ಅಚ್ಚು ಹಾಕಿಸುವುದಾದರೆ ಅದು ಅಚ್ಚಿನ ಖರ್ಚೆಂದು ತಿಳಿದೇ ಕೊಡಿ. ಮೊದಲು ನಮ್ಮ ಪೇಟೆಯ ಎರಡು ಮುದ್ರಣಾಲಯಗಳಲ್ಲಿ ದರ ವಿಚಾರಿಸಿ. ಕರಾರಿನಲ್ಲಿ ಅವಧಿ, ಹಕ್ಕು, ಪ್ರತಿಯ ದರ, ಲೆಕ್ಕ ಒಪ್ಪಿಸುವ ದಿನ, ಈ ನಾಲ್ಕನ್ನು ನೋಡಿ. ಸಾಲ ಮಾಡಿ, ಗ್ರಾಚ್ಯುಯಿಟಿ ಮುರಿದು ಕಟ್ಟಬೇಡಿ. ಅನುಮಾನವಿದ್ದರೆ ಕರಾರು ಪತ್ರವನ್ನು ಸಂಘದ ಕಚೇರಿಗೆ ತನ್ನಿ. ಸಂಜೆ ಹೊತ್ತು ಕೂತು ಜೊತೆಯಲ್ಲೇ ಓದೋಣ. ಲೇಖಕರ ಸಹಕಾರ ಸಂಘದ ವಿಚಾರವನ್ನು ಸಂಘದ ಮುಂದಿನ ಸಭೆಯಲ್ಲಿ ನಾವು ಮಂಡಿಸಲಿದ್ದೇವೆ.

ಆ ಹಿರಿಯರನ್ನು ಮೊನ್ನೆ ಕಂಡೆವು. ಉಳಿದ ಪ್ರತಿಗಳು ತಗಡಿನ ಟ್ರಂಕಿನಲ್ಲಿವೆ. ಛಾವಣಿ ಇನ್ನೂ ಸೋರುತ್ತದೆ. ಹಣದ ಮಾತನ್ನು ಅವರು ಎತ್ತಲಿಲ್ಲ. “ಸಂಘದವರು ಹನ್ನೊಂದು ಮಂದಿ ಕೊಂಡಿರಲ್ಲ, ಅವರಲ್ಲಿ ಎಷ್ಟು ಜನ ಓದಿದರು?” ಎಂದಷ್ಟೇ ಕೇಳಿದರು. ನಾವು ತಲೆ ತಗ್ಗಿಸಿದೆವು. ಕಂಪನಿಯಿಂದ ನ್ಯಾಯ ಕೇಳುವ ಮೊದಲು ಈ ಪ್ರಶ್ನೆಗೆ ನಾವು ಉತ್ತರ ಕೊಡಬೇಕು. ಕೊಂಡವರು ಓದಲಿ, ಓದಿ ಮುಗಿಸಿದವರು ಇನ್ನೊಬ್ಬರ ಕೈಗೆ ಕೊಡಲಿ. ಗಿರಣಿಯವರ ಕಥೆಯನ್ನು ಗಿರಣಿಯವರೇ ಓದದಿದ್ದರೆ ಬೇರೆ ಯಾರು ಓದಿಯಾರು?